ಊರಿನ ಜನಸಂಖ್ಯೆ ಗೊತ್ತು, ಊರು ಗೊತ್ತಾ?

ಒಂದು ಹಳ್ಳಿಗೆ ಕುಡಿಯೋ ನೀರಿನ ಪ್ರಾಜೆಕ್ಟ್ ಮಾಡಿ ಅಂದ್ರೆ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಹುಡುಕೋದು ಒಂದೇ ಸಂಖ್ಯೆ: ಜನಸಂಖ್ಯೆ. ಊರಲ್ಲಿ 2,000 ಜನ ಇದ್ದಾರೆ ಅಂದ್ಕೊಳ್ಳಿ. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಗುಣಿಸಿದರೆ 1,10,000 ಲೀಟರ್. ಟ್ಯಾಂಕಿನ ಸೈಜ್ ಸಿಕ್ತು, ಪಂಪ್ ಸಿಕ್ತು, ರಿಪೋರ್ಟ್ ಮುಗೀತು.

ಆದರೆ ಟ್ಯಾಂಕ್ ಯಾವ ಬೀದಿಯಲ್ಲಿ ಕಟ್ಟೋದು? ಪೈಪ್‌ಲೈನಿನ ಕೊನೆಯಲ್ಲಿ ಯಾರ ಮನೆ ಬರುತ್ತೆ? ವಾಲ್ವ್ ತಿರುಗಿಸೋ ನೀರುಗಂಟಿ ಯಾರ ಮಾತು ಕೇಳ್ತಾನೆ? ಇವಕ್ಕೆಲ್ಲ 2,000 ಅನ್ನೋ ಸಂಖ್ಯೆಯಲ್ಲಿ ಉತ್ತರ ಇಲ್ಲ. ಊರಲ್ಲಿ ಎಷ್ಟು ಜನ ಇದ್ದಾರೆ ಅನ್ನೋದರ ಜೊತೆಗೆ ಯಾರು ಯಾರು, ಎಲ್ಲೆಲ್ಲಿ ಇದ್ದಾರೆ ಅನ್ನೋದೂ ನಮ್ಮ ಡಿಸೈನಿನ ಭಾಗ ಆಗಬೇಕು ಅನ್ನೋದು ನಮ್ಮ ವಾದ.

ಮೊದಲ ಸುಳಿವು ಜನಗಣತಿಯಲ್ಲೇ ಸಿಗುತ್ತೆ. 2011ರ ಗಣತಿಯಲ್ಲಿ ಕರ್ನಾಟಕದ ಶೇ 61ರಷ್ಟು ಜನ ಹಳ್ಳಿಗಳಲ್ಲಿದ್ದರು. ಒಂದೊಂದು ಹಳ್ಳಿಗೂ ಒಂದೊಂದು ಸಾಲು ಇದೆ: ಮನೆಗಳು, ಗಂಡಸರು, ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕೂಲಿಗಳು. ಸಾಗುವಳಿದಾರರಿಗಿಂತ ಕೂಲಿಗಳೇ ಜಾಸ್ತಿ ಇದ್ದರೆ ಆ ಊರಿನ ಜಮೀನು ಕೆಲವರ ಕೈಲೇ ಇರಬಹುದು ಅಂತ ಅನುಮಾನ ಪಡಬಹುದು. ಈ ಡೇಟಾ ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು. ಆದರೂ ನಾವು ಮೊದಲ ಕಾಲಂ ನೋಡಿ ಫೈಲ್ ಮುಚ್ತೀವಿ.

ಎಲ್ಲಾ ಕಾಲಂ ಓದಿದರೂ ಸಾಲದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ‘ಪ್ರಬಲ ಜಾತಿ’ ಅನ್ನೋ ಅವರ ಪರಿಕಲ್ಪನೆ ಇಂಥ ಅಧ್ಯಯನದಿಂದಲೇ ಬೆಳೆದದ್ದು. ಸಂಖ್ಯೆ, ಜಮೀನು, ಊರಿನ ರಾಜಕೀಯದ ಮೇಲೆ ಹಿಡಿತ, ಇವೆಲ್ಲ ಒಂದೇ ಕಡೆ ಸೇರಿದಾಗ ಊರಿನ ತೀರ್ಮಾನಗಳೂ ಅಲ್ಲೇ ಆಗ್ತವೆ. ಇದು ತಿಳಿಯೋಕೆ ಅವರು ಅಲ್ಲೇ ಇದ್ದು ನೋಡಬೇಕಾಯ್ತು.

‘ನಾವು ಎಂಜಿನಿಯರ್‌ಗಳು, ಜಾತಿ ವಿಷಯ ನಮಗ್ಯಾಕೆ?’ ಅಂತ ಕೆಲವರು ಕೇಳ್ತಾರೆ. ಸರಿ, ಬರೀ ಎಂಜಿನಿಯರಿಂಗ್ ಮಾತೇ ಆಡೋಣ. ಪೈಪ್ ಉದ್ದ ಆದಷ್ಟೂ ಘರ್ಷಣೆಯಿಂದ ಒತ್ತಡ ಕಡಿಮೆ ಆಗುತ್ತೆ. ಟ್ಯಾಂಕ್ ಊರ ನಡುವೆ ಇದ್ದು, ದಲಿತ ಕೇರಿ ಊರಾಚೆ ಇದ್ದರೆ, ಕೊನೆಯ ನಲ್ಲಿ ಯಾರದ್ದು ಅಂತ ಹೇಳಬೇಕಾಗಿಲ್ಲ. ಕರೆಂಟ್ ಬೇಗ ಹೋದ ದಿನ ಅಲ್ಲಿಗೆ ನೀರೇ ತಲುಪಲ್ಲ. ನಮ್ಮ ರಿಪೋರ್ಟಿನಲ್ಲಿ ಮಾತ್ರ ಎಲ್ಲರಿಗೂ 55 ಲೀಟರ್ ಸಿಕ್ಕಿರುತ್ತೆ! ಸರಾಸರಿ ಅನ್ನೋದು ಕೊನೆಯ ಮನೆಯನ್ನ ತೋರಿಸಲ್ಲ.

ಮುಂದಿನ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳೋದು ಅಂತ ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿದೆ. ಹೊಸ ಡೇಟಾ ಬರುತ್ತೆ, ಡ್ಯಾಶ್‌ಬೋರ್ಡ್‌ಗಳೂ ಬರ್ತವೆ. ಅವನ್ನ ಮಾಡೋರು ನಮ್ಮಲ್ಲೇ ಎಷ್ಟೋ ಜನ. ಹಾಗಾಗಿ ಈಗಿನಿಂದಲೇ ಒಂದು ಅಭ್ಯಾಸ ಬೆಳೆಸ್ಕೊಳ್ಳೋಣ: ಎನ್‌ಎಸ್‌ಎಸ್ ಕ್ಯಾಂಪ್ ಇರಲಿ, ಮಿನಿ ಪ್ರಾಜೆಕ್ಟ್ ಇರಲಿ, ಹಳ್ಳಿಗೆ ಹೋದಾಗ ಪಂಚಾಯಿತಿ ಆಫೀಸಿನಿಂದ ಊರ ಕೊನೆಯ ಕೇರಿವರೆಗೂ ನಡೀಬೇಕು. ಆ ಕೇರಿಯ ಹೆಂಗಸರನ್ನ ‘ಅಕ್ಕಾ, ನೀರು ಎಷ್ಟೊತ್ತಿಗೆ ಬರುತ್ತೆ?’ ಅಂತ ಕೇಳಬೇಕು. ಅವರು ಹೇಳಿದ್ದನ್ನ ರಿಪೋರ್ಟಿನ ಮೊದಲ ಪುಟದಲ್ಲೇ, ಜನಸಂಖ್ಯೆಯ ಪಕ್ಕದಲ್ಲೇ ಬರೀಬೇಕು.