ಕಕ್ಕಿದ ಹಾಲಿನ ಲೆಕ್ಕ

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಡಬ್ಲ್ಯೂ-2, ವಿಮೆ, ಊರಿಗೆ ಕಳಿಸುವ ದುಡ್ಡು ಇಂಥದ್ದನ್ನೇ ಬರೆಯೋದು. ಈ ತಿಂಗಳು ಮಾತ್ರ ಕೂಸು ಹಾಲು ಕಕ್ಕುವುದರ ಬಗ್ಗೆ. ನಗಬೇಡಿ. ಚಳಿಗಾಲದಿಂದ ಈಚೆಗೆ ವುಡ್‌ರಿಡ್ಜ್, ಬೋಲಿಂಗ್‌ಬ್ರೂಕ್, ಡೌನರ್ಸ್ ಗ್ರೋವ್ ಕಡೆ ನನಗೆ ಗೊತ್ತಿರುವ ನಾಲ್ಕು ಮನೆಗಳಲ್ಲಿ ಮಗು ಆಗಿದೆ. ಅದರಲ್ಲಿ ಮೂರು ಮನೆಯವರು ಟ್ಯಾಕ್ಸ್ ಕೇಳೋಕೆ ಅಂತ ಫೋನ್ ಮಾಡಿದವರು, ಕೊನೆಗೆ ಬಂದು ನಿಂತಿದ್ದು ಇದೇ ಮಾತಿಗೆ. "ಅಣ್ಣಾ, ಕುಡಿದಿದ್ದೆಲ್ಲಾ ಆಚೆ ಹಾಕ್ತಾನೆ. ಹೊಟ್ಟೇಲಿ ಏನೂ ನಿಲ್ತಿಲ್ಲ. ನಿಮ್ಮ ಮಕ್ಕಳಿಗೆ ಏನು ಮಾಡಿದ್ರಿ?"

ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಲೆಕ್ಕ ಬರೆಯುವವನು. ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇವೆ, ಅಷ್ಟೇ ಅನುಭವ. ಕೆಳಗೆ ಬರೆದಿರೋದು ಇಲ್ಲಿನ ಮಕ್ಕಳ ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ. ನಿಮ್ಮ ಮಗುವಿನ ವಿಷಯಕ್ಕೆ ನಿಮ್ಮ ಡಾಕ್ಟರ ಮಾತೇ ಕೊನೆ.

ಮೊದಲು ಯಾಕೆ ಕಕ್ಕುತ್ತೆ ಅನ್ನೋದು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯುವಿನ ಒಂದು ಉಂಗುರ ಇದೆ. ನುಂಗಿದಾಗ ತೆರೆದು, ಆಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಹಸುಗೂಸಿನಲ್ಲಿ ಅದು ಇನ್ನೂ ಬಲಿತಿರೋದಿಲ್ಲ, ಆಗಾಗ ಸಡಿಲ ಬಿಡುತ್ತೆ. ಊಟ ಅಂದ್ರೆ ಬರೀ ಹಾಲು, ದಿನದ ಬಹುಪಾಲು ಮಲಗಿಯೇ ಇರುತ್ತೆ, ಹೊಟ್ಟೆ ಚಿಕ್ಕದು. ಹಾಲು ಮೇಲೆ ಬರದೇ ಇದ್ದರೇ ಆಶ್ಚರ್ಯ. ಇದಕ್ಕೆ ಇಲ್ಲಿ ರಿಫ್ಲಕ್ಸ್ ಅಂತಾರೆ. ಹೆಸರು ಕೇಳಿದ ತಕ್ಷಣ ನಮ್ಮವರು ಗೂಗಲ್ ಮಾಡಿ ಹೆದರಿಕೊಳ್ಳುತ್ತಾರೆ. ನಮ್ಮಜ್ಜಿ ಇದನ್ನು "ಹಾಲು ಕಕ್ತು" ಅಂತ ಹೇಳಿ ಸೆರಗಲ್ಲಿ ಒರೆಸಿಬಿಡ್ತಿದ್ದಳು.

ನಮ್ಮ ಶಿಕಾಗೋ ಸುತ್ತಮುತ್ತಲಿನ ಕ್ಲಿನಿಕ್‌ಗಳಲ್ಲೇ ಇದರ ಎಣಿಕೆ ಮಾಡಿದ್ದಾರೆ. ಪೀಡಿಯಾಟ್ರಿಕ್ ಪ್ರಾಕ್ಟೀಸ್ ರಿಸರ್ಚ್ ಗ್ರೂಪ್ ಅನ್ನೋ ಡಾಕ್ಟರುಗಳ ಗುಂಪು, 13 ತಿಂಗಳವರೆಗಿನ ಆರೋಗ್ಯವಂತ ಮಕ್ಕಳ 948 ಅಪ್ಪ-ಅಮ್ಮಂದಿರನ್ನು ಕೇಳಿ 1997ರಲ್ಲಿ ಪ್ರಕಟಿಸಿತು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅರ್ಧದಷ್ಟು ದಿನಕ್ಕೆ ಒಂದು ಸಲವಾದರೂ ಕಕ್ಕುತ್ತಿದ್ದವು. ನಾಲ್ಕನೇ ತಿಂಗಳಿಗೆ ಅದು ಶೇಕಡಾ 67ಕ್ಕೆ ಏರಿತು. 10ರಿಂದ 12 ತಿಂಗಳ ಮಕ್ಕಳಲ್ಲಿ ಬರೀ ಶೇಕಡಾ 5. ಇಲ್ಲಿ ಗಮನಿಸಬೇಕಾದ್ದು ಒಂದಿದೆ: ಎರಡನೇ ತಿಂಗಳಿಗಿಂತ ನಾಲ್ಕನೇ ತಿಂಗಳಲ್ಲಿ ಹೆಚ್ಚು. ಅಂದ್ರೆ ನೀವು ಏನೇ ಮಾಡಿದರೂ ಮೊದಲು ಸ್ವಲ್ಪ ಏರುತ್ತೆ, ಆಮೇಲೆ ಇಳಿಯುತ್ತೆ. ಇದು ಗೊತ್ತಿಲ್ಲದವರು ಎರಡನೇ ತಿಂಗಳಲ್ಲಿ ಫಾರ್ಮುಲಾ ಬದಲಾಯಿಸಿ, ಮೂರರಲ್ಲಿ ಬಾಟಲಿ ಬದಲಾಯಿಸಿ, ನಾಲ್ಕರಲ್ಲಿ ಡಾಕ್ಟರನ್ನೇ ಬದಲಾಯಿಸುತ್ತಾರೆ. ಆರೇಳು ತಿಂಗಳಿಗೆ ಮಗು ಕೂರೋಕೆ ಕಲಿತು, ತಾನಾಗಿಯೇ ಕಡಿಮೆ ಆದಾಗ, ಕೊನೆಗೆ ಕೊಂಡ ಡಬ್ಬಕ್ಕೆ ಹೆಸರು ಬರುತ್ತೆ.

ಈಗ ಲೆಕ್ಕಕ್ಕೆ ಬರೋಣ. ಅಪ್ಪ-ಅಮ್ಮ ನೋಡೋದು ಬರೀ ಖರ್ಚಿನ ಪುಟ: ಬಟ್ಟೆ ಮೇಲೆ ಬಿದ್ದಿದ್ದು. ಡಾಕ್ಟರು ನೋಡೋದು ಉಳಿಕೆ, ಅಂದ್ರೆ ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು ಒಂದು ಔನ್ಸ್ ಏರುತ್ತಿದ್ದರೆ, ದಿನಕ್ಕೆ ಆರು ಡಯಾಪರ್ ಆದರೂ ಚೆನ್ನಾಗಿ ಒದ್ದೆ ಆಗುತ್ತಿದ್ದರೆ, ಮಗು ಎದ್ದಾಗ ಗೆಲುವಾಗಿದ್ದರೆ, ಎಷ್ಟೇ ಕಕ್ಕಲಿ ಹೊಟ್ಟೆಗೆ ಬೇಕಾದ್ದು ನಿಂತಿದೆ ಅಂತಲೇ ಅರ್ಥ. ಇಂಥ ಮಗುವಿಗೆ ಇಲ್ಲಿನ ಡಾಕ್ಟರುಗಳು ನಗುತ್ತಾ ಇಡುವ ಹೆಸರು "ಹ್ಯಾಪಿ ಸ್ಪಿಟ್ಟರ್". ನಂಬಿಕೆ ಬರದಿದ್ದರೆ ಒಂದು ಟೇಬಲ್ ಸ್ಪೂನ್ ಹಾಲನ್ನು ಹಳೇ ಪಂಚೆ ಮೇಲೆ ಚೆಲ್ಲಿ ನೋಡಿ. ಎಷ್ಟಗಲ ಹರಡುತ್ತೆ! ಅದು ಬರೀ ಅರ್ಧ ಔನ್ಸ್.

ಕಕ್ಕುವುದನ್ನು ಪೂರ್ತಿ ನಿಲ್ಲಿಸೋಕೆ ಆಗಲ್ಲ, ಕಡಿಮೆ ಮಾಡಬಹುದು. ಬಹಳ ಮನೆಗಳಲ್ಲಿ ತೊಂದರೆ ಜಾಸ್ತಿ ಕುಡಿಸೋದರಿಂದ ಶುರುವಾಗುತ್ತೆ. ಬಾಟಲಿ ಹಾಲಿನ ಮಗುವಿಗೆ ಇಲ್ಲಿ ಹೇಳುವ ಅಂದಾಜು, ಪ್ರತಿ ಪೌಂಡ್ ತೂಕಕ್ಕೆ ದಿನಕ್ಕೆ ಎರಡೂವರೆ ಔನ್ಸ್. ಹತ್ತು ಪೌಂಡ್ ಮಗುವಿಗೆ ಇಡೀ ದಿನಕ್ಕೆ 25 ಔನ್ಸ್. ಎಷ್ಟೇ ದೊಡ್ಡ ಮಗು ಆದರೂ ಸಾಮಾನ್ಯವಾಗಿ 32 ದಾಟಬಾರದು. ಬಾಟಲಿಯಲ್ಲಿ ಒಂದು ಔನ್ಸ್ ಉಳೀತು ಅಂತ ಬಾಯಿಗೆ ತುರುಕೋದು, ತಟ್ಟೇಲಿ ಅನ್ನ ಬಿಡಬಾರದು ಅಂತ ಬೆಳೆದ ನಮ್ಮ ಕೈಗೆ ಸಹಜ. ಆದರೆ ಆ ಒಂದು ಔನ್ಸ್ ಜೊತೆಗೆ ಇನ್ನೆರಡನ್ನು ಕರಕೊಂಡು ಆಚೆ ಬರುತ್ತೆ. ಮಗು ಮುಖ ತಿರುಗಿಸಿದರೆ ಸಾಕು ಅಂತ ಅರ್ಥ. ಒಂದೊಂದು ಸಲಕ್ಕೆ ಕಡಿಮೆ, ದಿನಕ್ಕೆ ಹೆಚ್ಚು ಸಲ. ಬಾಟಲಿ ಆದರೆ ಎರಡು ಔನ್ಸಿಗೊಮ್ಮೆ, ಎದೆಹಾಲು ಆದರೆ ಪಕ್ಕ ಬದಲಾಯಿಸುವಾಗ ತೇಗು ತೆಗೆಸಿ. ನಿಪ್ಪಲ್ ತೂತು ದೊಡ್ಡದಿದ್ದರೆ ಮಗು ಗಟಗಟ ಅಂತ ಗಾಳಿ ಸಮೇತ ನುಂಗುತ್ತೆ. ಫಾರ್ಮುಲಾ ಪುಡಿ ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಇರಲಿ. ಕಕ್ಕುತ್ತೆ ಅಂತ ನೀರು ಜಾಸ್ತಿ ಹಾಕಿ ತೆಳು ಮಾಡೋದು ಅಪಾಯ.

ಕುಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದಿರಿ. ಇದು ಅಪ್ಪಂದಿರ ಕೆಲಸ ಅಂತ ನನ್ನ ಮತ. ರಾತ್ರಿ ಹತ್ತಕ್ಕೆ ಬೆಂಗಳೂರು ಟೀಮ್ ಜೊತೆ ಕಾಲ್ ಇದ್ದೇ ಇರುತ್ತಲ್ಲ, ಮ್ಯೂಟ್ ಮಾಡಿ ಮಗುವನ್ನು ಹೆಗಲಿಗೆ ಹಾಕಿಕೊಳ್ಳಿ. ಹೊಟ್ಟೆ ಮೇಲೆ ಡಯಾಪರ್ ಬಿಗಿಯೋದು, ಕುಡಿದ ತಕ್ಷಣ ಎಣ್ಣೆ ನೀರಿಗೆ ಕೂರಿಸೋದು, ಕಾಲು ಮಡಚಿ ಆಡಿಸೋದು ಬೇಡ. ಸ್ನಾನ ಹಾಲಿಗೆ ಮುಂಚೆ ಆಗಲಿ. ಕಾರ್ ಸೀಟಿನಲ್ಲಿ ಮಗು ಮುದುಡಿ ಕೂತು ಹೊಟ್ಟೆ ಒತ್ತುತ್ತೆ. ಹೊಟ್ಟೆ ತುಂಬಾ ಕುಡಿಸಿ ಡೆವನ್ ಅವೆನ್ಯೂಗೋ ಲೆಮಾಂಟ್ ದೇವಸ್ಥಾನಕ್ಕೋ ಹೊರಟರೆ ದಾರೀಲೇ ಅಭಿಷೇಕ. ಅರ್ಧ ಗಂಟೆ ಮುಂಚೆ ಕುಡಿಸಿ ಹೊರಡಿ. ಕಾರ್ ಸೀಟು ಕಾರಿಗೆ ಮಾತ್ರ, ಮನೆಗೆ ಬಂದ ಮೇಲೆ ಅದರಲ್ಲೇ ನಿದ್ದೆಗೆ ಬಿಡಬೇಡಿ.

ಇನ್ನು ಮಲಗಿಸುವ ವಿಷಯ. ಇದರಲ್ಲೇ ಮನೆಗಳಲ್ಲಿ ಜಗಳ, ಇದರಲ್ಲೇ ಪ್ರಾಣದ ಪ್ರಶ್ನೆಯೂ ಇರೋದು. ಒಂದು ಮನೆಯಲ್ಲಿ ನಾನೇ ಕೂತು ಕೇಳಿದ ಮಾತು. ತುಮಕೂರು ಕಡೆಯಿಂದ ಬಾಣಂತನಕ್ಕೆ ಬಂದ ತಾಯಿ, "ಅಂಗಾತ ಮಲಗಿಸಿದ್ರೆ ಕಕ್ಕಿದ್ದು ಗಂಟ್ಲಿಗೆ ಹೋಗುತ್ತಪ್ಪಾ, ಬೋರಲು ಹಾಕು, ಇಲ್ಲಾ ತಲೆ ಕೆಳಗೆ ದಿಂಬಾದ್ರೂ ಇಡು" ಅಂತಾರೆ. ಮಗ, "ಇಲ್ಲಮ್ಮಾ, ಇಲ್ಲಿ ಹಾಗೆ ಮಾಡಬಾರ್ದಂತೆ" ಅಂತಾನೆ. ಯಾಕೆ ಅಂತ ಅವನಿಗೂ ಹೇಳೋಕೆ ಬರಲ್ಲ. "ನಿನ್ನ ಹಾಗೇ ಸಾಕಿದ್ದು" ಅಂತ ಅಮ್ಮನ ಉತ್ತರ. ಆ ಮಾತಿಗೆ ಯಾರು ಏನು ಹೇಳೋಕಾಗುತ್ತೆ.

ಕಾರಣ ಹೀಗಿದೆ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಹತ್ತಬೇಕು; ಹಾಲು ಹತ್ತುವುದಿಲ್ಲ, ಕೆಳಗೇ ಇಳಿಯುತ್ತೆ. ಬೋರಲು ಹಾಕಿದರೆ ಲೆಕ್ಕ ಉಲ್ಟಾ: ಅನ್ನನಾಳ ಮೇಲೆ, ಶ್ವಾಸನಾಳ ಕೆಳಗೆ. ಜೊತೆಗೆ ಮಗುವಿಗೆ ಕೆಮ್ಮಿ, ನುಂಗಿ, ಗಂಟಲು ಸರಿಮಾಡಿಕೊಳ್ಳೋ ಶಕ್ತಿ ಹುಟ್ಟಿನಿಂದಲೇ ಇದೆ. 1992ರಲ್ಲಿ ಅಕಾಡೆಮಿ ಮಕ್ಕಳನ್ನು ಬೋರಲು ಮಲಗಿಸಬೇಡಿ ಅಂತ ಹೇಳಿತು, 1994ರಲ್ಲಿ ದೇಶದ ತುಂಬಾ ಪ್ರಚಾರ ಶುರುವಾಯಿತು. ನಿದ್ದೆಯಲ್ಲೇ ಕಾರಣ ಗೊತ್ತಿಲ್ಲದೆ ಮಕ್ಕಳು ಸಾಯುವುದು ಅದಾದ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ರಿಫ್ಲಕ್ಸ್ ಇರುವ ಮಗುವಿಗೂ ಇದೇ ನಿಯಮ ಅಂತ ಅಕಾಡೆಮಿ ಸ್ಪಷ್ಟವಾಗಿ ಹೇಳಿದೆ: ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬು-ರಗ್ಗು ಏನೂ ಇಲ್ಲ. ಕ್ರಿಬ್ ಹಾಸಿಗೆಯ ಒಂದು ತುದಿ ಎತ್ತರಿಸೋದರಿಂದ ಕಕ್ಕುವುದು ಕಡಿಮೆ ಆಗಲ್ಲ, ಮಗು ಜಾರಿ ಕತ್ತು ಮಡಚಿ ಉಸಿರು ಕಟ್ಟುವ ಭಯ ಬೇರೆ. ಸೀರೆ ಜೋಲಿಗೂ ಇದೇ ಮಾತು. ಅದರಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿ ಗಲ್ಲ ಎದೆಗೆ ಒತ್ತುತ್ತೆ. ಎಚ್ಚರವಾಗಿದ್ದಾಗ, ನೀವು ಪಕ್ಕದಲ್ಲೇ ಇದ್ದು ಬೋರಲು ಆಡಿಸೋದು ಬೇರೆ ವಿಷಯ, ಅದು ಬೇಕು.

ಗರಾಜ್ ಸೇಲ್‌ಗೆ ಹೋಗುವವರಿಗೆ ಒಂದು ಮಾತು. ಓರೆಯಾಗಿ ಮಲಗಿಸುವ ತೊಟ್ಟಿಲುಗಳನ್ನು ಒಂದು ಕಾಲದಲ್ಲಿ ರಿಫ್ಲಕ್ಸ್ ಮಗುವಿಗೆ ಒಳ್ಳೇದು ಅಂತಲೇ ಜನ ಕೊಂಡಿದ್ದು. ಫಿಷರ್-ಪ್ರೈಸ್‌ನ ರಾಕ್ ಎನ್ ಪ್ಲೇ ಅನ್ನು 2019ರ ಏಪ್ರಿಲ್‌ನಲ್ಲಿ ವಾಪಸ್ ಕರೆಸಿದರು. 47 ಲಕ್ಷ ತೊಟ್ಟಿಲು, ಮೂವತ್ತಕ್ಕೂ ಹೆಚ್ಚು ಮಕ್ಕಳು ಹೋದ ಮೇಲೆ. 2022ರಲ್ಲಿ ಕಾನೂನೇ ಬಂತು, 10 ಡಿಗ್ರಿಗಿಂತ ಹೆಚ್ಚು ಓರೆ ಇರುವ ಮಲಗುವ ತೊಟ್ಟಿಲು ಮಾರುವಂತಿಲ್ಲ. ಆದರೂ ಯಾರದೋ ಬೇಸ್‌ಮೆಂಟಿನಲ್ಲಿ ಇನ್ನೂ ಇರುತ್ತೆ. ಹತ್ತು ಡಾಲರ್‌ಗೆ ಸಿಕ್ಕಿತು ಅಂತ ತರಬೇಡಿ, ಸ್ನೇಹಿತರು ಸುಮ್ಮನೆ ಕೊಟ್ಟರೂ ಬೇಡ.

ಸೂಟ್‌ಕೇಸಿನಲ್ಲಿ ಊರಿಂದ ಬರುವ ಔಷಧಿಗಳಲ್ಲಿ, ಬಜೆ ತೇದು ನೆಕ್ಕಿಸಬೇಡಿ. ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಬಳಸೋದನ್ನು 1968ರಲ್ಲೇ ನಿಷೇಧಿಸಿದ್ದಾರೆ. ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಬಾಟುಲಿಸಂ ಅನ್ನೋ ಕಾಯಿಲೆಯ ಅಪಾಯ ಇದೆ. ಗ್ರೈಪ್ ವಾಟರಿನಿಂದ ರಿಫ್ಲಕ್ಸ್ ಹೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಸಾಂಬ್ರಾಣಿ ಹೊಗೆ, ಸಿಗರೇಟು ಹೊಗೆ ಎರಡೂ ಮಗುವಿನಿಂದ ದೂರ ಇರಲಿ. (ಸಾಂಬ್ರಾಣಿ ಹಾಕಿ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಹೊಡೆಸಿದವರು ನಮ್ಮಲ್ಲಿ ಒಬ್ಬರಲ್ಲ.) ಅಮ್ಮಂದಿರ ಕೈಗೆ ಬೇರೆ ಕೆಲಸ ಬೇಕಾದಷ್ಟಿದೆ, ಕಾಲು ಚಾಚಿ ಕೂತು ಎಣ್ಣೆ ತಿಕ್ಕುವ ಆ ಕೈ ನಮಗ್ಯಾರಿಗೂ ಬರಲ್ಲ.

ಔಷಧಿ ಬಗ್ಗೆ. ಚೆನ್ನಾಗಿ ಬೆಳೆಯುತ್ತಿರುವ ಮಗು ಬರೀ ಕಕ್ಕುತ್ತೆ, ಅಳುತ್ತೆ ಅಂತ ಆಸಿಡ್ ಔಷಧಿ ಕೊಡಬೇಡಿ ಅನ್ನೋದು 2018ರ ತಜ್ಞರ ಮಾರ್ಗಸೂಚಿ. ಔಷಧಿ ಹಾಲಿನ ಹುಳಿ ಕಡಿಮೆ ಮಾಡುತ್ತೆ, ಹಾಲು ಬರೋದನ್ನು ನಿಲ್ಲಿಸಲ್ಲ. ಡಾಕ್ಟರು ಔಷಧಿ ಬರೆಯಲಿಲ್ಲ ಅಂದ್ರೆ ನಿರ್ಲಕ್ಷ್ಯ ಅಂತ ತಿಳಿಯಬೇಡಿ. ಬಾಟಲಿಗೆ ಅಕ್ಕಿ ಸೀರಿಯಲ್ ಬೆರೆಸಿ ಗಟ್ಟಿ ಮಾಡುವ ಹಳೇ ಉಪಾಯವನ್ನೂ ಸ್ವಂತ ಮಾಡಬೇಡಿ. ಅಕ್ಕಿಯಲ್ಲಿ ಆರ್ಸೆನಿಕ್ ಪ್ರಶ್ನೆ ಇದೆ, ಬೇಕಾದರೆ ಡಾಕ್ಟರೇ ಓಟ್ಸಿಂದು ಹೇಳುತ್ತಾರೆ. ಕೆಲವು ಮಕ್ಕಳಿಗೆ ನಿಜವಾದ ಕಾರಣ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ. ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಎಕ್ಸಿಮಾ ಇದ್ದರೆ ಡಾಕ್ಟರು ಆ ಕಡೆ ಯೋಚನೆ ಮಾಡುತ್ತಾರೆ. ಆಗ ಫಾರ್ಮುಲಾ ಬೇರೆ ಕೊಡುತ್ತಾರೆ, ಎದೆಹಾಲಾದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಟ್ಟು ನೋಡಬೇಕು. ನಮ್ಮ ಬಾಣಂತಿಗೆ ಇದು ಸಣ್ಣ ಮಾತಲ್ಲ: ಹಾಲು, ಮೊಸರು, ಮಜ್ಜಿಗೆ, ಪನೀರ್, ಕೊನೆಗೆ ತುಪ್ಪದ ಬಗ್ಗೆಯೂ ಕೇಳಿಕೊಳ್ಳಬೇಕು. ಸಸ್ಯಾಹಾರಿ ಆದರೆ ಬದಲಿಗೆ ಏನು ತಿನ್ನಬೇಕು ಅಂತ ಡಯಟೀಷಿಯನ್ ಹತ್ತಿರ ಬರೆಸಿಕೊಳ್ಳಿ. ಅಂದಾಜಿನ ಮೇಲೆ ಎದೆಹಾಲು ನಿಲ್ಲಿಸಬೇಡಿ.

ಇವು ಕಂಡರೆ ಮಾತ್ರ ಕಾಯಬೇಡಿ: ವಾಂತಿ ಹಸಿರು ಬಣ್ಣಕ್ಕೆ ಬಂದರೆ ನೇರ ಎಮರ್ಜೆನ್ಸಿಗೆ, ಕರುಳು ತಿರುಚಿರಬಹುದು. ರಕ್ತ ಅಥವಾ ಕಾಫಿ ಪುಡಿ ತರಹ ಬಂದರೂ ಹಾಗೇ. ಮೂರರಿಂದ ಆರು ವಾರದ ಮಗು ಪ್ರತಿ ಸಲ ಕುಡಿದ ಮೇಲೂ ಪಿಚಕಾರಿ ಹೊಡೆದಂತೆ ದೂರಕ್ಕೆ ವಾಂತಿ ಮಾಡಿ, ಮತ್ತೆ ಹಸಿದು ಅಳುತ್ತಿದ್ದರೆ ಅವತ್ತೇ ತೋರಿಸಿ. ಹೊಟ್ಟೆಯ ಕೆಳಬಾಗಿಲು ದಪ್ಪವಾಗಿ ಮುಚ್ಚಿಕೊಂಡಿರಬಹುದು, ಇದು ಗಂಡು ಮಕ್ಕಳಲ್ಲಿ ಹೆಚ್ಚು, ಸಣ್ಣ ಆಪರೇಷನ್‌ನಲ್ಲಿ ಸರಿಹೋಗುತ್ತೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ರಾತ್ರಿ ಎರಡು ಗಂಟೆ ಆದರೂ ಫೋನ್ ಮಾಡಿ. ಮಗು ನೀಲಿ ಆದರೆ, ಉಸಿರು ನಿಲ್ಲಿಸಿದರೆ 911. ತೂಕ ಏರದಿರೋದು, ಹಾಲೇ ಬೇಡ ಅಂತ ಬೆನ್ನು ಸೆಟೆಸೋದು, ಡಯಾಪರ್ ಒಣಗಿರೋದು, ಆರು ತಿಂಗಳಾದ ಮೇಲೆ ಹೊಸದಾಗಿ ವಾಂತಿ ಶುರುವಾಗೋದು, ಇವನ್ನೂ ಮುಂದಿನ ಚೆಕಪ್‌ವರೆಗೆ ಇಟ್ಟುಕೊಳ್ಳಬೇಡಿ.

ನನ್ನ ಕಸುಬಿನದ್ದೂ ಸ್ವಲ್ಪ. ಮಗು ಹುಟ್ಟಿದ 30 ದಿನದೊಳಗೆ ಕಂಪನಿ ವಿಮೆಗೆ ಸೇರಿಸಿ. ತಾಯಿಯ ವಿಮೆಯಲ್ಲಿ ತಾನಾಗಿಯೇ ಸೇರುತ್ತೆ ಅಂತ ಕೂರಬೇಡಿ. ನೆಟ್‌ವರ್ಕ್ ಡಾಕ್ಟರ ಹತ್ತಿರ ಮೊದಲ ವಾರ, ಒಂದು, ಎರಡು, ನಾಲ್ಕು, ಆರು ತಿಂಗಳಿಗೆ ಮಾಡಿಸುವ ಚೆಕಪ್‌ಗೆ ಬಹುತೇಕ ಎಲ್ಲ ಪ್ಲಾನ್‌ಗಳಲ್ಲೂ ಕೋ-ಪೇ ಇಲ್ಲ. ಅದೇ ದಿನ ಬೇರೆ ಕಾಯಿಲೆಗೆ ಚಿಕಿತ್ಸೆ ಆದರೆ ಪ್ರತ್ಯೇಕ ಬಿಲ್ ಬರಬಹುದು, ನೋಡಿ ಗಾಬರಿ ಆಗಬೇಡಿ. ಹೋಗುವ ಮುಂಚೆ ಮೂರು ದಿನದ್ದು ಬರೆದಿಡಿ: ಎಷ್ಟು ಗಂಟೆಗೆ ಎಷ್ಟು ಕುಡೀತು, ಯಾವಾಗ ಕಕ್ಕಿತು, ಎಷ್ಟು ಡಯಾಪರ್. ಒಂದು ವಿಡಿಯೋ ಇದ್ದರೆ ಇನ್ನೂ ಒಳ್ಳೇದು. ಊರಿಂದ ಬಂದ ಅಮ್ಮನನ್ನೂ ಕರಕೊಂಡು ಹೋಗಿ, ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಆಸ್ಪತ್ರೆಯವರು ಫೋನಿನಲ್ಲಿ ಏರ್ಪಾಡು ಮಾಡುತ್ತಾರೆ, ಅದಕ್ಕೆ ದುಡ್ಡಿಲ್ಲ. ತೊಟ್ಟಿಲ ವಿಷಯ ಮಗನ ಬಾಯಿಂದ ಕೇಳೋದಕ್ಕೂ ಡಾಕ್ಟರ ಬಾಯಿಂದ ಕನ್ನಡದಲ್ಲಿ ಕೇಳೋದಕ್ಕೂ ವ್ಯತ್ಯಾಸ ಇದೆ. ಆ ತುಮಕೂರಿನ ತಾಯಿ ಹಾಗೇ ಒಪ್ಪಿದ್ದು.

ಟ್ರಾಯ್, ನೋವಾಯ್, ಕ್ಯಾಂಟನ್ ಕಡೆಯಿಂದ ಓದುವ ಮಿಶಿಗನ್ನಿನವರಿಗೂ ಇಷ್ಟೇ ಅನ್ವಯ. ಇನ್ನು ತಾಯಿಯ ವಿಷಯ ಯಾರೂ ಕೇಳುವುದಿಲ್ಲ. ದಿನಕ್ಕೆ ಎಂಟು ಸಲ ನೈಟಿ ಬದಲಾಯಿಸಿ, ನಿದ್ದೆ ಇಲ್ಲದೆ, ತನ್ನ ಹಾಲೇ ಸರಿ ಇಲ್ಲ ಅಂತ ಒಳಗೊಳಗೇ ಅಳುವವರು ನಮ್ಮಲ್ಲಿದ್ದಾರೆ. ಎರಡು ವಾರ ಆದರೂ ಮನಸ್ಸು ತಿಳಿಯಾಗದಿದ್ದರೆ ಅವರ ಡಾಕ್ಟರಿಗೆ ಹೇಳಿ. 1-833-852-6262 ತಾಯಂದಿರಿಗೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ಉಚಿತ. ದುಭಾಷಿ ಕೇಳಬಹುದು, ಟೆಕ್ಸ್ಟ್ ಕೂಡ ಮಾಡಬಹುದು.