ಇನ್ನೆಷ್ಟು ಮೆಟ್ಟಿಲು ಹತ್ತಬೇಕು ಸ್ವಾಮಿ?

ವಿಶ್ವಸಂಸ್ಥೆಗೆ ದೂರು ಕೊಡ್ತೀವಿ ಅಂದರೆ ನಮಗೊಂದು ನಿಯಮ ಹೇಳುತ್ತಾರೆ: ಮೊದಲು ನಿಮ್ಮ ದೇಶದ ಕೋರ್ಟುಗಳ ಮೆಟ್ಟಿಲನ್ನೆಲ್ಲ ಹತ್ತಿ ಮುಗಿಸಿ, ಆಮೇಲೆ ಇಲ್ಲಿಗೆ ಬನ್ನಿ. ಮನೆಯ ತಪ್ಪನ್ನು ಮನೆಯವರೇ ತಿದ್ದಿಕೊಳ್ಳಲಿ ಅನ್ನೋದು ಇದರ ಹುರುಳು. ಸರಿಯೇ. ಆದರೆ ಊರಾಚೆ ಇಟ್ಟ ನಮ್ಮನ್ನು ಆ ಮನೆಯವರು ಅಂತ ಎಣಿಸಿದ್ದು ಯಾವಾಗ?

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಸುಟ್ಟವರು ಯಾರು? ಬೆಂಕಿ ತಾನೇ ಹತ್ತಿಕೊಂಡಿತೆ? ಅದೇ ಊರಲ್ಲಿ, ಅದೇ ಜಮೀನ್ದಾರರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾದವನು ಕೋರ್ಟಿನಲ್ಲಿ ಯಾರ ಕಡೆ ಬೆರಳು ತೋರಿಸ್ತಾನೆ?

ಆ ನಿಯಮದಲ್ಲೇ ಇನ್ನೊಂದು ಮಾತಿದೆ. ಅದನ್ನು ನಮಗೆ ಯಾರೂ ಹೇಳೋದಿಲ್ಲ. ದೇಶದೊಳಗಿನ ಪರಿಹಾರ ಅತಿಯಾಗಿ ಎಳೆದಾಡಿದರೆ ಕೊನೆಯ ಮೆಟ್ಟಿಲಿನವರೆಗೆ ಕಾಯಬೇಕಾಗಿಲ್ಲ. 1988ರಲ್ಲಿ ಹೊಂಡುರಾಸ್ ದೇಶದ ಮೊಕದ್ದಮೆಯಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಇದನ್ನೇ ಬಿಡಿಸಿ ಹೇಳಿತು: ಪರಿಹಾರ ಕಾಗದದ ಮೇಲಿದ್ದರೆ ಸಾಲದು, ಕೆಲಸಕ್ಕೆ ಬರಬೇಕು.

ಆದರೆ ನಮ್ಮ ಸರ್ಕಾರದ ಜಾಣತನ ನೋಡಿ. ಜನಾಂಗೀಯ ತಾರತಮ್ಯದ ವಿರುದ್ಧದ ಒಪ್ಪಂದಕ್ಕೆ 1968ರಲ್ಲಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ 1979ರಲ್ಲಿ ಒಪ್ಪಿಗೆ ಕೊಟ್ಟಿತು. ಅವುಗಳ ಅಡಿ ಒಬ್ಬ ವ್ಯಕ್ತಿ ನೇರವಾಗಿ ದೂರು ಕೊಡೋ ದಾರಿಯನ್ನು ಮಾತ್ರ ಇವತ್ತಿಗೂ ತೆರೆದಿಲ್ಲ. ಮೆಟ್ಟಿಲು ಹತ್ತಿ ಮುಗಿಸಿದರೂ ಮೇಲೆ ಬಾಗಿಲೇ ಇಲ್ಲ! 2001ರಲ್ಲಿ ಡರ್ಬನ್ ಸಮ್ಮೇಳನದಲ್ಲಿ ಜಾತಿಯ ಮಾತೇ ಬೇಡ ಅಂತ ಹಟ ಹಿಡಿದದ್ದೂ ಇದೇ ಸರ್ಕಾರ. ಮರುವರ್ಷ ವಿಶ್ವಸಂಸ್ಥೆಯ ಸಮಿತಿಯೇ ಹುಟ್ಟಿನ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದಿತು.

ಮನೆಯ ಜಗಳ ಬೀದಿಗೆ ತರಬೇಡಿ ಅನ್ನುವವರಿಗೆ ಹೇಳ್ತೀವಿ: 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರು ದೇಶದ್ರೋಹಿಯೆ?

ಗೆಳೆಯರೆ, ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಬರೆಯಲು ಕೋರ್ಟು ಮುಗಿಯುವ ತನಕ ಕಾಯಬೇಕಿಲ್ಲ. ಅವರು ತೀರ್ಪು ಕೊಡಲಾರರು, ಆದರೆ ಸರ್ಕಾರದ ಉತ್ತರ ಕೇಳಬಲ್ಲರು. ಬರೆಯೋಣ. ಠಾಣೆಯಲ್ಲಿ ದೂರು ತಗೊಳ್ಳದೆ ಕಳಿಸಿದ ದಿನ, ವಾಯಿದೆ ಬಿದ್ದ ತಾರೀಖು, ತಿರುಗಿಬಿದ್ದ ಸಾಕ್ಷಿಗೆ ಬಂದ ಬೆದರಿಕೆ, ಎಲ್ಲವನ್ನೂ ಬರೆದಿಡೋಣ. ನಮ್ಮನ್ನು ಸುಸ್ತು ಮಾಡಿದ ಒಂದೊಂದು ವಾಯಿದೆಯೂ ನಾಳೆ ಅವರ ವಿರುದ್ಧದ ಸಾಕ್ಷಿ. ಈ ಸಾಕ್ಷಿ ತಿರುಗಿಬೀಳೋದಿಲ್ಲ.