ಕಡಿತದ ಲೆಕ್ಕ ಆಸ್ಪತ್ರೆಯಲ್ಲಿದೆ, ಕಚ್ಚಿದ ನಾಯಿಯ ಲೆಕ್ಕ ಎಲ್ಲಿ?

ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ 2024ರಲ್ಲಿ ಕರ್ನಾಟಕದಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತ ಪ್ರಕರಣಗಳು ದಾಖಲಾದವು, 42 ಮಂದಿ ರೇಬಿಸ್‌ಗೆ ಬಲಿಯಾದರು. ಅದೇ ವರ್ಷ ಇಡೀ ದೇಶದಲ್ಲಿ ಶಂಕಿತ ರೇಬಿಸ್ ಸಾವು 54 ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಎರಡನ್ನೂ ಒಟ್ಟಿಗೆ ನಂಬುವುದಾದರೆ ಉಳಿದೆಲ್ಲ ರಾಜ್ಯಗಳಲ್ಲಿ ಸೇರಿ ಹನ್ನೆರಡು ಜನ ಮಾತ್ರ ಸತ್ತಿರಬೇಕು! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜಿಸಿದ್ದು ವರ್ಷಕ್ಕೆ ಸುಮಾರು 5,700 ಸಾವು, 91 ಲಕ್ಷ ಪ್ರಾಣಿ ಕಡಿತ. ಅದರಲ್ಲಿ ಮುಕ್ಕಾಲು ಪಾಲು ನಾಯಿ ಕಡಿತವೇ. ಸರ್ಕಾರಿ ಪಟ್ಟಿಯಲ್ಲಿರುವುದು ಸುಮಾರು 37 ಲಕ್ಷ. ಕಚ್ಚಿಸಿಕೊಂಡವರಲ್ಲಿ ಐದರಲ್ಲೊಬ್ಬರು ಒಂದು ಚುಚ್ಚುಮದ್ದನ್ನೂ ಪಡೆದಿರಲಿಲ್ಲ ಎಂಬುದೂ ಅದೇ ಸಮೀಕ್ಷೆಯಿಂದ ಗೊತ್ತಾಯಿತು. ಬೀದಿನಾಯಿಗಳನ್ನು ಏನು ಮಾಡಬೇಕೆಂದು ಇಷ್ಟು ಗಟ್ಟಿಯಾಗಿ ಜಗಳವಾಡುವ ನಾವು, ಯಾವ ನಾಯಿ ಎಲ್ಲಿ ಕಚ್ಚಿತು ಎಂಬುದನ್ನು ಬರೆದಿಡುವ ಕೆಲಸವನ್ನೇ ಸರಿಯಾಗಿ ಮಾಡಿಲ್ಲ.

ಬರೆದಿಟ್ಟದ್ದೂ ಅರ್ಧ ಮಾತ್ರ. ಆಸ್ಪತ್ರೆಗೆ ಬೇಕಾದದ್ದು ಗಾಯದ ವಿವರ: ಚರ್ಮ ತರಚಿದೆಯೇ, ರಕ್ತ ಬಂದಿದೆಯೇ, ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕೇ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನದ ಚುಚ್ಚುಮದ್ದು ಯಾವ ತಾರೀಖಿಗೆ ಬೀಳುತ್ತದೆ. ಅಲ್ಲಿ ಬರೆಯುವ ವಿಳಾಸ ರೋಗಿಯ ಮನೆಯದು. ಹಳ್ಳಿಯವರೊಬ್ಬರಿಗೆ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ ನಾಯಿ ಕಚ್ಚಿದರೆ, ಆ ವಿಳಾಸವನ್ನು ನಂಬಿ ಹೋದವರಿಗೆ ಬಸ್ ನಿಲ್ದಾಣದ ನಾಯಿ ಸಿಗುವುದಿಲ್ಲ. ಸಿಗಲೇಬೇಕಾದದ್ದು ಅದೇ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದಕ್ಕೆ ರೇಬಿಸ್ ಇರಲಿಲ್ಲ ಎಂದರ್ಥ. ಅಷ್ಟರೊಳಗೆ ಸತ್ತರೆ, ಅದು ಇನ್ನಾರಿಗೆ ಕಚ್ಚಿತ್ತು, ಯಾವ ನಾಯಿಗಳ ಮೇಲೆ ಬಿದ್ದಿತ್ತು ಎಂದು ಅಂದೇ ಹುಡುಕಬೇಕು. ಹುಡುಕಬೇಕಾದ ನಗರಸಭೆಗೆ ಸುದ್ದಿ ಮುಟ್ಟುವುದು ವಾರ್ಡ್ ಸದಸ್ಯರ ಮೂಲಕವೋ, ವಾಟ್ಸ್‌ಆ್ಯಪ್ ಗುಂಪಿನ ಮೂಲಕವೋ. ಬಹಳ ಸಲ ಮುಟ್ಟುವುದೇ ಇಲ್ಲ.

ಕಾನೂನಿನ ಕೊರತೆ ಇಲ್ಲ. ನಾಯಿ ಕಾಟ, ಕಡಿತ, ಹುಚ್ಚುನಾಯಿಯ ಮಾಹಿತಿ ಪಡೆಯಲು ಸ್ಥಳೀಯ ಸಂಸ್ಥೆಗಳು ಪ್ರತ್ಯೇಕ ಘಟಕ ತೆರೆಯಬೇಕೆಂದು 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೇ ಹೇಳಿದ್ದವು. 2023ರಲ್ಲಿ ಹೊಸ ನಿಯಮಗಳು ಬಂದವು. 2022ರಲ್ಲಿ ಕರ್ನಾಟಕ ಸರ್ಕಾರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಬೆಂಗಳೂರಿನಲ್ಲಿ 1533 ಸಹಾಯವಾಣಿ ಇದೆ. ಇಲ್ಲದಿರುವುದು ಆಸ್ಪತ್ರೆಗೂ ನಗರಸಭೆಗೂ ನಡುವಿನ ಕೊಂಡಿ. ನನ್ನ ವಾದ ಇಷ್ಟೆ: ಮೊದಲ ಚುಚ್ಚುಮದ್ದು ಹಾಕುವಾಗಲೇ, ಕಚ್ಚಿದ ಜಾಗದ ವಿವರ ಆಯಾ ನಗರಸಭೆಗೆ ಅಥವಾ ಪಂಚಾಯಿತಿಗೆ ಅದೇ ದಿನ ಹೋಗಬೇಕು. ದೂರು ಕೊಡುವ ಹೊರೆಯನ್ನು ಗಾಯಾಳುವಿನ ತಲೆಗೆ ಕಟ್ಟಬಾರದು. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕಾರು ಮಾತ್ರ. ಯಾವ ಅಂಗಡಿ, ಯಾವ ಶಾಲೆಯ ಹತ್ತಿರ? ನಾಯಿಯ ಬಣ್ಣ ಯಾವುದು? ಕೊರಳಲ್ಲಿ ಪಟ್ಟಿ ಇತ್ತೇ? ಪಕ್ಕದಲ್ಲಿ ಮರಿಗಳಿದ್ದವೇ? ಕಿವಿಯ ತುದಿ ಕತ್ತರಿಸಿತ್ತೇ? ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗೆ ಕಿವಿಯಲ್ಲಿ ಗುರುತು ಮಾಡಿರುತ್ತಾರೆ. ಗುರುತಿಲ್ಲದ ನಾಯಿಯೆಂದರೆ ಆ ಬೀದಿಗೆ ಶಸ್ತ್ರಚಿಕಿತ್ಸೆಯ ತಂಡ ಇನ್ನೂ ಪೂರ್ತಿ ಕಾಲಿಟ್ಟಿಲ್ಲ ಎಂದೇ ತಿಳಿಯಬಹುದು. ಪಟ್ಟಿ ಇದ್ದರೆ ವಿಷಯವೇ ಬೇರೆ. ಸಾಕುಪ್ರಾಣಿಯ ಬಗ್ಗೆ ಮಾಲೀಕ ತೋರುವ ನಿರ್ಲಕ್ಷ್ಯ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ, ಆ ದೂರು ಪೊಲೀಸ್ ಠಾಣೆಗೆ ಹೋಗಬೇಕು.

ದೂರುಗಳು ಹೆಚ್ಚಾದಷ್ಟೂ ನಾಯಿಗಳಿಗೆ ಕುತ್ತು ಎಂಬುದು ಪ್ರಾಣಿಪ್ರಿಯರ ಆತಂಕ. ಅದು ಸುಳ್ಳು ಭಯವಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ವಲಯದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿತ್ತು. ಆದರೆ ಆಗಸ್ಟ್ 22ರಂದು ದೊಡ್ಡ ಪೀಠ ಅದನ್ನು ಮಾರ್ಪಡಿಸಿ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಬೇಕು, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ಈ ವಿಂಗಡಣೆ ನಡೆಯಬೇಕಾದರೆ ಯಾವ ನಾಯಿ ಆಕ್ರಮಣಕಾರಿ ಎಂಬುದಕ್ಕೆ ದಾಖಲೆ ಬೇಕೇಬೇಕು. ದಾಖಲೆ ಇಲ್ಲದಿದ್ದರೆ ಒಂದು ನಾಯಿಯ ತಪ್ಪಿಗೆ ಬೀದಿಯ ಅಷ್ಟೂ ನಾಯಿಗಳು ವ್ಯಾನು ಹತ್ತುತ್ತವೆ, ಇಲ್ಲವೇ ಯಾರೋ ರಾತ್ರೋರಾತ್ರಿ ವಿಷ ಹಾಕುತ್ತಾರೆ. ಹಿಡಿದೊಯ್ದ ನಾಯಿಯನ್ನು ಮತ್ತೆ ಅಲ್ಲೇ ತಂದು ಬಿಡುವುದಾದರೆ ದೂರು ಯಾಕೆ ಎಂಬ ಜನರ ಸಿಟ್ಟಿಗೂ ಕಾರಣವಿದೆ. ಬೆಂಗಳೂರಿನಲ್ಲಿ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಗಣತಿಯಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು, ಸುಮಾರು ಶೇ 72ಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. ಎಣಿಸಿ, ಬೀದಿ ಬೀದಿ ಹಿಡಿದು ಮಾಡಿದರೆ ಫಲವಿದೆ, ಆದರೆ ಅದು ನಿಧಾನ. ಆ ನಿಧಾನದ ನಡುವೆ ಮೊದಲು ಯಾವ ಬೀದಿಗೆ ಹೋಗಬೇಕೆಂದು ಹೇಳುವುದು ಕಡಿತದ ದೂರುಗಳೇ. ದೂರು ಕೊಟ್ಟವರಿಗೆ ಆ ನಾಯಿ ಏನಾಯಿತೆಂದು ತಿಳಿಸುವುದೂ ಸಂಸ್ಥೆಯ ಕರ್ತವ್ಯ. ಉತ್ತರ ಸಿಗದ ಊರಿನಲ್ಲಿ ಎರಡನೆಯ ಸಲ ಯಾರೂ ಫೋನ್ ಎತ್ತುವುದಿಲ್ಲ.

ಗ್ರಾಮ ಪಂಚಾಯಿತಿಗಳ ಸ್ಥಿತಿ ಇನ್ನೂ ಕಷ್ಟದ್ದು. ನಾಯಿ ಹಿಡಿಯುವ ತಂಡವಿಲ್ಲ, ಇಡಲು ಜಾಗವಿಲ್ಲ, ದೂರು ಬಂದರೂ ಪಿಡಿಒ ಮಾಡುವುದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವರಿಂದ ಇಂದೇ ಶಸ್ತ್ರಚಿಕಿತ್ಸಾ ಕೇಂದ್ರವನ್ನು ನಿರೀಕ್ಷಿಸಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಪಂಚಾಯಿತಿ ಮೂರಕ್ಕೂ ಒಂದೇ ವಹಿ ಇರಲಿ ಎಂದು ಕೇಳಬಹುದು. ಆಶಾ ಕಾರ್ಯಕರ್ತೆಗೆ ಸಿಕ್ಕ ಸುದ್ದಿ ಪಶುವೈದ್ಯರಿಗೆ ಸಂಜೆಯೊಳಗೆ ತಲುಪಿದರೆ, ಆ ಓಣಿಯ ಉಳಿದ ನಾಯಿಗಳಿಗೆ ಮರುದಿನವೇ ಲಸಿಕೆ ಹಾಕಬಹುದು. ತಾಲ್ಲೂಕಿಗೊಂದು ನಾಯಿ ಹಿಡಿಯುವ ತಂಡ ಬೇಕೆಂದು ಜಿಲ್ಲಾ ಪಂಚಾಯಿತಿಯ ಮುಂದೆ ಹಣ ಕೇಳುವಾಗ ಪಿಡಿಒ ತೋರಿಸಬೇಕಾದದ್ದೂ ಇದೇ ವಹಿಯನ್ನು.